ಸಣ್ಣ ಊರುಗಳ ವಿಮಾನವೂ ಅದನ್ನು ನಡೆಸುವವರೂ



ವಿಮಾನವೆಂದೊಡನೆ ನಮ್ಮ ಮನಸ್ಸು ದೆಹಲಿ, ಮುಂಬಯಿ, ಲಂಡನ್ನುಗಳ ಕಡೆಗೆ ಹಾರುತ್ತದೆ. ಈ ಸಂಜೆ ನಾನು ಅಷ್ಟು ದೂರ ಹೋಗುವವನಲ್ಲ. ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ, ಶಿವಮೊಗ್ಗಗಳಂಥ ಊರುಗಳನ್ನು ಆಕಾಶಮಾರ್ಗದಿಂದ ಜೋಡಿಸುವ ಪ್ರಾದೇಶಿಕ ವಿಮಾನ ಸಂಸ್ಥೆಗಳ ಮುಂದಿನ ಗತಿ ಏನು, ಅವುಗಳಲ್ಲಿ ಚಾಲಕವೃತ್ತಿಯನ್ನು ಹಿಡಿಯಬಯಸುವ ತರುಣ ತರುಣಿಯರ ದಾರಿ ಯಾವುದು ಎಂಬ ಎರಡು ಪ್ರಶ್ನೆಗಳನ್ನು ವಿಚಾರಿಸಬೇಕೆಂದಿದ್ದೇನೆ. ಇವು ನೋಡುವುದಕ್ಕೆ ಎರಡಾದರೂ ಬುಡದಲ್ಲಿ ಒಂದೇ ಎಂದು ನನ್ನ ಅಭಿಪ್ರಾಯ.

ಗೊರೂರಿನಲ್ಲಿ ಬೆಳೆದ ಕ್ಯಾಪ್ಟನ್ ಗೋಪಿನಾಥರು 2003ರಲ್ಲಿ ಏರ್ ಡೆಕ್ಕನ್ ಸಂಸ್ಥೆಯನ್ನು ಆರಂಭಿಸಿದಾಗ ಅವರು ಮೊದಲು ಕೈಗೆತ್ತಿಕೊಂಡದ್ದು ಪ್ರೊಪೆಲರುಗಳುಳ್ಳ ಸಣ್ಣ ಏಟಿಆರ್ ವಿಮಾನವನ್ನು. ಐದು ವರ್ಷಗಳೊಳಗೆ ಆ ಸಂಸ್ಥೆಯು ಕಿಂಗ್‌ಫಿಷರ್ ಸಂಸ್ಥೆಯಲ್ಲಿ ಲೀನವಾಯಿತು. 2012ರಲ್ಲಿ ಅದರ ಹಾರಾಟವೂ ನಿಂತಿತು. ಬಳಿಕ 2016ರಲ್ಲಿ ಕೇಂದ್ರ ಸರ್ಕಾರದವರು ಉಡಾನ್ ಎಂಬ ಯೋಜನೆಯನ್ನು ಸಾರಿದರು. ಇದರ ಮೊದಲನೆಯ ವಿಮಾನ 2017ರ ಏಪ್ರಿಲ್ 27ರಂದು ಶಿಮ್ಲಾದಿಂದ ದೆಹಲಿಗೆ ಹಾರಿತು. ಒಂದು ಗಂಟೆಯ ಪ್ರಯಾಣಕ್ಕೆ ಸುಮಾರು ಅರ್ಧದಷ್ಟು ಆಸನಗಳಲ್ಲಿ 2500 ರೂಪಾಯಿಗಿಂತ ಹೆಚ್ಚು ದರ ಕೇಳಕೂಡದೆಂದೂ, ಅದರಿಂದಾಗುವ ನಷ್ಟವನ್ನು ಮೂರು ವರ್ಷಗಳ ಕಾಲ ತುಂಬಿಕೊಡುವುದೆಂದೂ ಆಗ ಏರ್ಪಾಡಾಯಿತು.

ಫಲವೇನಾಯಿತು? ಮಹಾಲೇಖಪಾಲರ 2023ರ ವರದಿಯು ಲೆಕ್ಕವನ್ನು ಮುಚ್ಚುಮರೆಯಿಲ್ಲದೆ ಕೊಟ್ಟಿದೆ. ಮೊದಲ ಮೂರು ಸುತ್ತುಗಳಲ್ಲಿ ಹಂಚಿದ 774 ಮಾರ್ಗಗಳಲ್ಲಿ 403 ಆರಂಭವೇ ಆಗಲಿಲ್ಲ. ಆರಂಭವಾದ 371ರಲ್ಲಿ ಮೂರು ವರ್ಷಗಳನ್ನು ಪೂರೈಸಿದವು 112. ಸಹಾಯಧನದ ಅವಧಿ ಮುಗಿದ ಮೇಲೂ 2023ರ ಮಾರ್ಚಿಯವರೆಗೆ ಉಳಿದುಕೊಂಡವು 54 ಮಾತ್ರ. ನಮ್ಮ ಕಡೆಗೆ ಪರಿಚಿತವಾಗಿದ್ದ ಟ್ರೂಜೆಟ್ ಸಂಸ್ಥೆಯೂ 2022ರಲ್ಲಿ ಹಾರಾಟವನ್ನು ನಿಲ್ಲಿಸಿತು. 2019ರ ಜನವರಿಯಲ್ಲಿ ಹೊರಟ ಸ್ಟಾರ್ ಏರ್ ಸಂಸ್ಥೆಯಾದರೋ, ಐವತ್ತು ಆಸನಗಳ ಜೆಟ್ಟುಗಳಿಂದ ಆರಂಭಿಸಿ, ತರುವಾಯ ಎಪ್ಪತ್ತಾರು ಆಸನಗಳವನ್ನೂ ತಂದುಕೊಂಡಿತು.

ಇಷ್ಟು ಮಾರ್ಗಗಳು ಬಾಡಿದ್ದಕ್ಕೆ ಊರಿನವರಿಗೆ ವಿಮಾನ ಬೇಡವಾಗಿತ್ತೆಂಬುದೇ ಕಾರಣವೆನ್ನಲಾಗದು. ಕೆಲವೆಡೆ ಅದೂ ನಿಜ. ಬೆಂಗಳೂರು ಮೈಸೂರುಗಳ ನಡುವೆ 2023ರಲ್ಲಿ ಹೆದ್ದಾರಿ ತೆರೆದ ಮೇಲೆ, ವಿಮಾನ ನಿಲ್ದಾಣಕ್ಕೆ ಹೋಗಿ ಕಾಯುವ ಹೊತ್ತಿಗೆ ಮನುಷ್ಯ ಮೈಸೂರಿನ ಹತ್ತಿರಕ್ಕೆ ಬಂದಿರುತ್ತಾನೆ. ಆದರೆ ಬೀದರಿನವನ ಸ್ಥಿತಿ ಹಾಗಲ್ಲ. ಅವನಿಗೆ ಬೆಂಗಳೂರು ರೈಲಿನಲ್ಲಿ ಒಂದು ರಾತ್ರಿಯ ದೂರ. ಅಲ್ಲಿ ತೊಡಕು ಬೇರೊಂದಿದೆ. ನೂರ ಎಂಬತ್ತು ಜನರನ್ನು ಒಯ್ಯುವ ಏರ್‌ಬಸ್ಸಿಗೂ ಇಬ್ಬರು ಚಾಲಕರು ಬೇಕು. ಎಪ್ಪತ್ತು ಜನರ ಏಟಿಆರ್ ವಿಮಾನಕ್ಕೂ ಇಬ್ಬರೇ ಬೇಕು. ಪ್ರೊಪೆಲರ್ ವಿಮಾನವು ಕಿರುದಾರಿಯಲ್ಲಿ ಕಡಮೆ ಇಂಧನವನ್ನು ಕುಡಿಯುತ್ತದೆ, ಚಿಕ್ಕ ಓಡುದಾರಿಯಲ್ಲಿಯೂ ಇಳಿಯುತ್ತದೆ, ನಿಜ. ಆದರೆ ಚಾಲಕರ ಸಂಬಳವನ್ನು ಹಂಚಿಕೊಳ್ಳುವ ತಲೆಗಳು ಅಲ್ಲಿ ಅರ್ಧಕ್ಕಿಂತಲೂ ಕಡಮೆ. ಆದಕಾರಣ ಸಣ್ಣ ಸಂಸ್ಥೆಯು ದೊಡ್ಡದರ ಸರಿಸಮನಾಗಿ ಸಂಬಳ ಕೊಡಲಾರದು. ಕೊಡದಿದ್ದರೆ ಚಾಲಕನು ನಿಲ್ಲಲಾರನು.

ಈಗ ಆ ಚಾಲಕನ ಕಡೆಯಿಂದ ನೋಡೋಣ. ವಾಣಿಜ್ಯ ಚಾಲಕನ ಪರವಾನಗಿಗೆ ನಮ್ಮ ದೇಶದಲ್ಲಿ 200 ಗಂಟೆಗಳ ಹಾರಾಟ ಸಾಕು. ಸಾಕು ಎಂದೆನಷ್ಟೆ, ಆ 200 ಗಂಟೆಗಳಿಗೆ ಅರ್ಧ ಕೋಟಿಯ ಆಸುಪಾಸಿನ ಮೊಬಲಗು ಬೇಕಾಗುತ್ತದೆ, ಒಂದೊಂದು ಬಗೆಯ ವಿಮಾನಕ್ಕೆ ಬೇಕಾದ ವಿಶೇಷ ಶಿಕ್ಷಣದ ವೆಚ್ಚ ಬೇರೆ. ಹೊಲ ಮಾರಿದವರೂ ಮನೆಯನ್ನು ಅಡವಿಟ್ಟವರೂ ನಮ್ಮಲ್ಲಿದ್ದಾರೆ. ಇಷ್ಟಾದ ಮೇಲೆ ಕೈಯಲ್ಲಿರುವುದು ಪರವಾನಗಿಯ ಪತ್ರವೇ ಹೊರತು ಉದ್ಯೋಗವಲ್ಲ. ಕೆಲಸ ಸಿಕ್ಕವನು ಸಹಚಾಲಕನಾಗಿ ಕುಳಿತು ಗಂಟೆಗಳನ್ನು ಕೂಡಿಡಬೇಕು. ಕ್ಯಾಪ್ಟನ್ ಆಗಲು ಬೇಕಾದ ಮೇಲ್ದರ್ಜೆಯ ಪರವಾನಗಿಗೆ 1500 ಗಂಟೆಗಳು. ಸಂಸ್ಥೆಗಳು ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚನ್ನೇ ಕೇಳುತ್ತವೆ. ವರ್ಷಕ್ಕೆ 1000 ಗಂಟೆ ಮೀರಿ ಹಾರಕೂಡದೆಂಬ ನಿಯಮವಿರುವುದರಿಂದ, ಬಹಳ ಅವಸರದವನಿಗೂ ಇದು ಕೆಲವು ವರ್ಷಗಳ ತಪಸ್ಸು. ಸಣ್ಣ ಸಂಸ್ಥೆಯಲ್ಲಿ ಈ ತಪಸ್ಸು ಒಳ್ಳೆಯದೆಂದೇ ಹೇಳುವೆನು. ದಿನಕ್ಕೆ ನಾಲ್ಕು ಬಾರಿ ಏರಿ ನಾಲ್ಕು ಬಾರಿ ಇಳಿಯುವವನು, ಮಳೆಗಾಲದ ಮೋಡದಲ್ಲಿ ಕಿರಿಯ ಓಡುದಾರಿಯನ್ನು ಹುಡುಕಿ ಇಳಿದವನು, ದೂರದ ವಿಮಾನದಲ್ಲಿ ಒಮ್ಮೆ ಏರಿ ಒಮ್ಮೆ ಇಳಿದವನಿಗಿಂತ ಬೇಗ ಕೆಲಸಗಾರನಾಗುತ್ತಾನೆ. ಆದರೆ ಕ್ಯಾಪ್ಟನ್ ಆದ ಮರುದಿನವೇ ಅವನ ದೃಷ್ಟಿ ದೊಡ್ಡ ಸಂಸ್ಥೆಯ ಮೇಲೆ! ಅವನನ್ನು ದೂರಲಾಗದು, ಸಾಲ ಅವನದು. 2023ರಲ್ಲಿ ನಮ್ಮ ಎರಡು ದೊಡ್ಡ ಸಂಸ್ಥೆಗಳೇ ಒಂಬೈನೂರಕ್ಕೂ ಮಿಗಿಲಾದ ವಿಮಾನಗಳಿಗೆ ಬೇಡಿಕೆಯಿಟ್ಟಿವೆ. ಅವಕ್ಕೆ ಕ್ಯಾಪ್ಟನ್ನರು ಎಲ್ಲಿಂದ ಬರಬೇಕು?

ಸರ್ಕಾರದವರು 2017ರಲ್ಲಿ, ಕೆಲಸ ಬಿಡುವ ಕ್ಯಾಪ್ಟನ್ ಒಂದು ವರ್ಷ ಮುಂಚಿತವಾಗಿ ತಿಳಿಸಬೇಕೆಂದು ವಿಧಿಸಿದರು. ಕಟ್ಟಿಹಾಕಿದ ದನ ಹಾಲು ಕೊಟ್ಟೀತೇ ಹೊರತು ಮನೆಯದಾಗುವುದಿಲ್ಲ. ಅಮೆರಿಕೆಯಲ್ಲಿ ಈ ವ್ಯಾಧಿ ನಮಗಿಂತ ಮುಂಚೆಯೇ ಬಂದಿತು. 2009ರಲ್ಲಿ ಬಫೆಲೊ ನಗರದ ಬಳಿ ಪ್ರಾದೇಶಿಕ ವಿಮಾನವೊಂದು ಬಿದ್ದು 50 ಜನ ಸತ್ತ ಮೇಲೆ, ಅಲ್ಲಿ ಸಹಚಾಲಕನಿಗೂ ಸಾಮಾನ್ಯವಾಗಿ 1500 ಗಂಟೆಗಳ ಅನುಭವವಿರಬೇಕೆಂಬ ನಿಯಮ 2013ರಲ್ಲಿ ಜಾರಿಗೆ ಬಂದಿತು. ಚಾಲಕರು ಸಾಲದಾದರು, ಎಷ್ಟೋ ಸಣ್ಣ ಊರುಗಳು ವಿಮಾನವನ್ನು ಕಳೆದುಕೊಂಡವು. ಕಡೆಗೆ 2022ರಲ್ಲಿ ಹಲವು ಪ್ರಾದೇಶಿಕ ಸಂಸ್ಥೆಗಳು ಸಂಬಳವನ್ನು ಒಮ್ಮೆಲೇ ಏರಿಸಿದುವು. ಅದಕ್ಕಿಂತ ನನಗೆ ಹೆಚ್ಚು ಹಿಡಿಸಿದ್ದು ಅಲ್ಲಿನ ಇನ್ನೊಂದು ಪದ್ಧತಿ: ಸಣ್ಣ ಸಂಸ್ಥೆಯಲ್ಲಿ ಸರತಿಯಂತೆ ಸೇವೆ ಸಲ್ಲಿಸಿದವನಿಗೆ ದೊಡ್ಡ ಸಂಸ್ಥೆಯಲ್ಲಿ ಸ್ಥಾನವನ್ನು ಒಪ್ಪಂದದಿಂದಲೇ ಕಾಯ್ದಿಡುವುದು. ಹೋಗುವ ದಿನ ಗೊತ್ತಿದ್ದರೆ ಉಳಿಯುವ ದಿನಗಳಲ್ಲಿ ಮನಸ್ಸು ನಿಲ್ಲುತ್ತದೆ, ಸಂಸ್ಥೆಗೂ ಮುಂದಿನವನನ್ನು ಸಿದ್ಧಪಡಿಸಲು ಕಾಲ ದೊರೆಯುತ್ತದೆ. ನಮ್ಮ ಸಹಾಯಧನವು ಆಸನದ ನಷ್ಟವನ್ನು ತುಂಬುತ್ತದೆ. ಚಾಲಕನನ್ನು ತಯಾರಿಸುವ ನಷ್ಟವನ್ನೂ ಅದರಲ್ಲಿ ಸೇರಿಸಿ, ಸಿದ್ಧನಾದ ಕ್ಯಾಪ್ಟನ್ನನನ್ನು ಪಡೆಯುವ ದೊಡ್ಡ ಸಂಸ್ಥೆಯಿಂದ ಅದರ ಪಾಲನ್ನು ವಸೂಲು ಮಾಡುವುದು ನ್ಯಾಯವೆಂದು ತೋರುತ್ತದೆ.

ಚಾಲಕನೇ ಇಲ್ಲದ ವಿಮಾನ ಬರುತ್ತದಂತೆ, ಮಕ್ಕಳನ್ನು ಈ ವೃತ್ತಿಗೆ ಕಳುಹಿಸಬಹುದೇ ಎಂದು ಕೇಳುವವರುಂಟು. ಇಂದು ಕಲಿಯಲು ಹೋಗುವವರು ಅದಕ್ಕಾಗಿ ಹೆದರಬೇಕಾಗಿಲ್ಲ. ಹೆದರಬೇಕಾದದ್ದು ಸಾಲಕ್ಕೆ. ಆದ್ದರಿಂದ ತಂದೆತಾಯಿಗಳಲ್ಲಿ ಒಂದು ವಿಜ್ಞಾಪನೆ: ಶಾಲೆಗೆ ಮುಂಗಡ ಹಣ ಕಟ್ಟುವುದಕ್ಕೆ ಮೊದಲು, ನಾಗರಿಕ ವಿಮಾನಯಾನ ಇಲಾಖೆಯು ಒಪ್ಪಿದ ವೈದ್ಯರಿಂದ ಮಗನಿಗಾಗಲಿ ಮಗಳಿಗಾಗಲಿ ಮೊದಲನೆಯ ದರ್ಜೆಯ ದೇಹಪರೀಕ್ಷೆಯನ್ನು ಮಾಡಿಸಿರಿ. ಬಣ್ಣ ಗುರುತಿಸುವ ದೃಷ್ಟಿದೋಷವೊಂದೇ ಈ ದಾರಿಯನ್ನು ಮುಚ್ಚಬಲ್ಲುದು. ಅನಂತರ ಶಾಲೆಯಲ್ಲಿ ಎಷ್ಟು ವಿಮಾನಗಳು ಹಾರುವ ಸ್ಥಿತಿಯಲ್ಲಿವೆ, ಕಳೆದ ತಂಡದವರು 200 ಗಂಟೆಗಳನ್ನು ಎಷ್ಟು ತಿಂಗಳಲ್ಲಿ ಮುಗಿಸಿದರು ಎಂಬುದನ್ನು ಅಲ್ಲಿನ ವಿದ್ಯಾರ್ಥಿಗಳನ್ನೇ ಕೇಳಿರಿ. ಹೊಲದ ಮಾತು ಆಮೇಲೆ.