ಎಟಿಎಂ ಕಾರ್ಡಿನಷ್ಟು ರಬ್ಬರ್

ಹೋದ ಎರಡು ವಾರ ಎಪಿಸೋಡ್ ಬರಲಿಲ್ಲ. ಮೆಸೇಜ್ ಮಾಡಿ ವಿಚಾರಿಸಿದವರಿಗೆಲ್ಲ ಥ್ಯಾಂಕ್ಸ್. ಕಾರಣ ಇಷ್ಟೇ, ಬೈಕಿಂದ ಬಿದ್ದೆ. ಗಾಬರಿ ಆಗ್ಬೇಡಿ, ದೊಡ್ಡದೇನಲ್ಲ. ಎಡಗೈ ಮಣಿಕಟ್ಟು ಉಳುಕಿತ್ತು, ಮೊಣಕಾಲು ತರಚಿತ್ತು. ಎಕ್ಸ್-ರೇ ತೆಗೆಸಿದಾಗ ಮೂಳೆಗೇನೂ ಆಗಿಲ್ಲ ಅಂದ್ರು. ಟಿಟಿ ಇಂಜೆಕ್ಷನ್ ತಗೊಂಡು, ಕ್ರೇಪ್ ಬ್ಯಾಂಡೇಜ್ ಸುತ್ಕೊಂಡು ಮನೇಲಿ ಕೂತಿದ್ದೆ.

ಸುಮ್ಮನೆ ಕೂತಾಗ ತಲೆ ಓಡುತ್ತೆ ನೋಡಿ. ಇವತ್ತಿನ ಎಪಿಸೋಡ್ ಹುಟ್ಟಿದ್ದು ಹಾಗೇ.

ಆಗಿದ್ದೇನು ಅಂತ ಮೊದಲು ಹೇಳಿಬಿಡ್ತೀನಿ. ಬೆಂಗಳೂರಲ್ಲಿ ಮೇ ತಿಂಗಳ ಮಳೆ ಗೊತ್ತಲ್ಲ, ಸಂಜೆ ಐದಕ್ಕೆ ಮೋಡ, ಐದೂವರೆಗೆ ಹನಿ. ಜಯನಗರದ ಕಡೆಯಿಂದ ಮನೆಗೆ ಬರ್ತಿದ್ದೆ. ಮಳೆ ಶುರುವಾಗಿ ಹತ್ತು ನಿಮಿಷ ಆಗಿರಬಹುದು. ಒಂದು ಸಿಗ್ನಲ್ ಹತ್ರ ಎಡಕ್ಕೆ ತಿರುಗಿದೆ. ಮುಂದಿದ್ದ ಆಟೋ ಸಡನ್ನಾಗಿ ನಿಂತಿತು. ನಾನು ಹಿಂದಿನ ಬ್ರೇಕ್ ಒತ್ತಿದೆ. ಚಕ್ರದ ಕೆಳಗೆ ಜೀಬ್ರಾ ಕ್ರಾಸಿಂಗ್‌ನ ಬಿಳಿ ಪಟ್ಟಿ ಇತ್ತು. ಹಿಂದಿನ ಚಕ್ರ ಬಲಕ್ಕೆ ಜಾರಿತು, ಬೈಕ್ ಎಡಕ್ಕೆ ಮಲಗಿತು, ಅದರ ಜೊತೆ ನಾನೂ. ಸ್ಪೀಡ್ ಇಪ್ಪತ್ತೂ ಇರಲಿಲ್ಲ.

ಎಬ್ಬಿಸಿದವರು, "ಏನ್ ರೋಡ್ ಮಾಡ್ತಾರೋ" ಅಂದ್ರು. ನಾನೂ "ಹೌದು ಸಾರ್" ಅಂದೆ. ಮನೇಲಿ ಅಮ್ಮನಿಗೂ ಅದನ್ನೇ ಹೇಳಿದೆ, ರೋಡ್ ಸರಿ ಇರ್ಲಿಲ್ಲಮ್ಮ ಅಂತ. ಅಮ್ಮ ಗಾಯಕ್ಕೆ ಔಷಧಿ ಹಚ್ಚುತ್ತಾ ಒಂದೇ ಮಾತು ಹೇಳಿದ್ರು: "ಸದ್ಯ, ಅವಳು ಹಿಂದೆ ಕೂತಿರ್ಲಿಲ್ಲ."

ಅವಳು ಅಂದ್ರೆ ನನ್ನ ತಂಗಿ. ದಿನಾ ಕಾಲೇಜಿಂದ ಅವಳನ್ನು ಕರ್ಕೊಂಡು ಬರೋದು ಇದೇ ಬೈಕಲ್ಲಿ, ಇದೇ ದಾರೀಲಿ. ಆ ವಾರ ಅವಳಿಗೆ ಸ್ಟಡಿ ಹಾಲಿಡೇಸ್ ಇತ್ತು, ಅಷ್ಟೇ.

ಆ ರಾತ್ರಿ ನಿದ್ದೆ ಬರಲಿಲ್ಲ. ಯಾಕಂದ್ರೆ ರೋಡ್ ವಿಷಯ ಪೂರ್ತಿ ನಿಜ ಅಲ್ಲ ಅಂತ ನನಗೆ ಗೊತ್ತಿತ್ತು. ಮೂರು ತಿಂಗಳ ಹಿಂದೆ ಪಂಚರ್ ಅಂಗಡಿಯವರು ಹಿಂದಿನ ಟೈರ್ ಮೇಲೆ ಬೆರಳಾಡಿಸಿ, "ಸಾರ್, ಇದು ಮುಗೀತು. ಮಳೆಗಾಲಕ್ಕೆ ಮುಂಚೆ ಹೊಸದು ಹಾಕಿಸಿಬಿಡಿ" ಅಂದಿದ್ರು. ರೇಟು ₹2,200. ಮುಂದಿನ ತಿಂಗಳು ನೋಡೋಣ ಅಂದೆ. ಅದೇ ತಿಂಗಳು ಒಂದು ಮೈಕ್ ತಗೊಂಡೆ. ಈಗ ನನ್ನ ದನಿ ನಿಮಗೆ ಕೇಳಿಸ್ತಿರೋದು ಅದರಲ್ಲೇ.

ನಾನು ಬಿಕಾಂ ಓದಿದೋನು. ಫಿಸಿಕ್ಸ್ ನನ್ನ ಏರಿಯಾ ಅಲ್ಲ. ಆದ್ರೆ ಟೈರ್ ಗ್ರಿಪ್ ಬಗ್ಗೆ ಓದ್ತಾ ಹೋದಂಗೆ ಇದು ಪಕ್ಕಾ ನಮ್ಮ ಸಬ್ಜೆಕ್ಟೇ ಅನ್ನಿಸಿತು.

ಬೈಕಿನ ಒಂದು ಟೈರು ನೆಲಕ್ಕೆ ತಾಗೋ ಜಾಗ ಎಷ್ಟು ಗೊತ್ತಾ? ಹೆಚ್ಚುಕಮ್ಮಿ ಒಂದು ಎಟಿಎಂ ಕಾರ್ಡಿನಷ್ಟು. ಅಷ್ಟು ರಬ್ಬರೇ ಬ್ರೇಕಿಗೂ ಬೇಕು, ತಿರುವಿಗೂ ಬೇಕು, ಆಕ್ಸಿಲರೇಟರ್ ಕೊಟ್ಟಾಗಲೂ ಬೇಕು. ಗ್ರಿಪ್ ಅನ್ನೋದು ಸಂಬಳ ಇದ್ದಂಗೆ. ತಿರುವಿಗೆ ಹೆಚ್ಚು ಖರ್ಚು ಮಾಡಿದಷ್ಟೂ ಬ್ರೇಕಿಗೆ ಉಳಿಯೋದು ಕಡಿಮೆ. ಎರಡೂ ಸೇರಿ ಸಂಬಳ ಮೀರಿದ್ರೆ ಓವರ್‌ಡ್ರಾಫ್ಟ್ ಸಿಗಲ್ಲ, ಸೀದಾ ನೆಲ. ಅದಕ್ಕೇ ಹೇಳೋದು, ಬ್ರೇಕ್ ಹಾಕೋದಿದ್ರೆ ತಿರುಗೋಕೆ ಮುಂಚೆ, ಬೈಕ್ ನೇರ ಇದ್ದಾಗಲೇ ಹಾಕಿ ಅಂತ.

ಮಳೆ ಬಂದ್ರೆ ಸಂಬಳವೇ ಕಟ್. ಅದ್ರಲ್ಲೂ ಮೊದಲ ಮಳೆ ಹೆಚ್ಚು ಅಪಾಯ. ರಸ್ತೆ ಮೇಲೆ ತಿಂಗಳುಗಟ್ಟಲೆ ಕೂತ ಆಯಿಲ್, ಧೂಳು, ರಬ್ಬರ್ ಪುಡಿ ನೀರಿಗೆ ಕಲೆಸಿ ಮೇಲಕ್ಕೆ ಬರುತ್ತೆ. ಜೋರು ಮಳೆ ಬಂದು ಅದು ತೊಳೆದು ಹೋಗೋವರೆಗೂ ಜಾರುತ್ತೆ. ಬಿಳಿ ಪೇಂಟ್, ಮ್ಯಾನ್‌ಹೋಲ್ ಮುಚ್ಚಳ ಇವೆಲ್ಲ ಒದ್ದೆಯಾದ್ರೆ ಇನ್ನೂ ಮೋಸ.

ಹಾಗಾದ್ರೆ ಸವೆದ ಟೈರಲ್ಲಿ ಮೂರು ತಿಂಗಳು ಏನೂ ಆಗಲಿಲ್ಲ ಯಾಕೆ? ಟೈರಿನ ಗೆರೆಗಳ ಮುಖ್ಯ ಕೆಲಸ ನೀರನ್ನು ಆಚೆ ತಳ್ಳೋದು. ಮೋಟೋಜಿಪಿಯಲ್ಲಿ ಒಣ ಟ್ರ್ಯಾಕ್‌ಗೆ ಗೆರೆಯೇ ಇಲ್ಲದ ನುಣ್ಣನೆ ಟೈರ್ ಹಾಕ್ತಾರೆ, ಮಳೆ ಬಂದ್ರೆ ಗೆರೆ ಇರೋದಕ್ಕೆ ಬದಲಾಯಿಸ್ತಾರೆ. ಫೆಬ್ರವರಿ, ಮಾರ್ಚ್‌ನ ಒಣ ರಸ್ತೆ ನನಗೆ ಎಲ್ಲ ಸರಿ ಇದೆ ಅಂತ ತೋರಿಸ್ತಾ ಇತ್ತು. ಸಾಲ ಬೆಳೀತಾನೇ ಇತ್ತು, ಬಡ್ಡಿ ಕೇಳೋಕೆ ಬಂದಿದ್ದು ಮಳೆ.

ಇನ್ನೊಂದು, ಡಿಪ್ರಿಸಿಯೇಷನ್. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತೆ. ನನ್ನದರಲ್ಲಿ 1419 ಅಂತಿತ್ತು. ಅಂದ್ರೆ 2019ರ 14ನೇ ವಾರ ತಯಾರಾಗಿದ್ದು. ಲಾಕ್‌ಡೌನ್‌ನಲ್ಲಿ ಗಾಡಿ ನಿಂತಿದ್ದೇ ಹೆಚ್ಚು, ಅದಕ್ಕೇ ಟೈರ್ ಇಷ್ಟು ದಿನ ಬಂತು ಅಂತ ಖುಷಿಪಟ್ಟಿದ್ದೆ. ಆದ್ರೆ ನಿಂತ ಗಾಡಿಯ ರಬ್ಬರೂ ವರ್ಷ ಕಳೆದಂಗೆ ಗಟ್ಟಿಯಾಗುತ್ತೆ, ಹಿಡಿತ ಕಳ್ಕೊಳ್ಳುತ್ತೆ.

ಎಬಿಎಸ್ ಇದ್ರೆ ಬೀಳ್ತಿರಲಿಲ್ಲ ಅಂತ ಫ್ರೆಂಡ್ಸ್ ಹೇಳಿದ್ರು. 125 ಸಿಸಿ ಮೇಲಿನ ಬೈಕುಗಳಿಗೆ ಎಬಿಎಸ್ ಕಡ್ಡಾಯ ಆಗಿದ್ದು 2018-19ರಲ್ಲಿ. ನನ್ನದು ಅದಕ್ಕಿಂತ ಹಳೇ ಗಾಡಿ. ಎಬಿಎಸ್ ಚಕ್ರ ಲಾಕ್ ಆಗದಂಗೆ ನೋಡ್ಕೊಳ್ಳುತ್ತೆ, ನಿಜ. ಆದ್ರೆ ಇಲ್ಲದ ಗ್ರಿಪ್ಪನ್ನ ಅದೂ ಹುಟ್ಟಿಸಲ್ಲ.

ಈಗ ಲೆಕ್ಕ. ಆಸ್ಪತ್ರೆ, ಔಷಧಿ ₹1,450. ಕ್ಲಚ್ ಲಿವರ್, ಇಂಡಿಕೇಟರ್, ಫುಟ್‌ರೆಸ್ಟ್ ₹1,900. ಎರಡು ವಾರದ ಆಟೋ ₹3,100. ಒಟ್ಟು ₹6,450. ಆಮೇಲೆ ಆ ₹2,200 ಟೈರನ್ನೂ ಹಾಕಿಸಲೇಬೇಕಾಯ್ತು. ತಂಗಿ ಹಿಂದೆ ಕೂತಿದ್ದಿದ್ರೆ ಅನ್ನೋದಕ್ಕೆ ನನ್ನ ಹತ್ರ ಕಾಲಂ ಇಲ್ಲ.

ಮಣಿಕಟ್ಟು ಬೇಗ ಸರಿಹೋಯ್ತು, ಭಯ ಹೋಗಲಿಲ್ಲ. ಮತ್ತೆ ಗಾಡಿ ತೆಗೆದ ದಿನ ಅದೇ ತಿರುವಲ್ಲಿ ಹ್ಯಾಂಡಲ್‌ನ ಬಿಗಿಯಾಗಿ ಹಿಡ್ಕೊಂಡೆ, ಭುಜ ಎಲ್ಲ ಸೆಟೆದುಕೊಳ್ತು. ಕೈ ಬಿಗಿದಷ್ಟೂ ಗಾಡಿ ಮಾತು ಕೇಳಲ್ಲ. ಹಾಗಾಗಿ ಎರಡು ಭಾನುವಾರ ಬೆಳಗ್ಗೆ ನಮ್ಮ ಲೇಔಟಿನ ಖಾಲಿ ರೋಡಲ್ಲಿ ನಿಧಾನಕ್ಕೆ ಓಡಿಸಿ, ಎರಡೂ ಬ್ರೇಕನ್ನ ಮೆತ್ತಗೆ ಒತ್ತೋದನ್ನ ಹೊಸದಾಗಿ ಕಲಿತೆ. ಹೊಸ ಟೈರೂ ಮೊದಲ ನೂರು, ನೂರೈವತ್ತು ಕಿಲೋಮೀಟರ್ ಸ್ವಲ್ಪ ಜಾರುತ್ತೆ, ಅದು ನೆನಪಿರಲಿ.

ನಿಮಗೊಂದು ಕೆಲಸ ಕೊಡ್ತೀನಿ, ಎರಡು ನಿಮಿಷದ್ದು. ಇವತ್ತು ಗಾಡಿ ಹತ್ರ ಹೋಗಿ. ಟೈರಿನ ಬದಿಯಲ್ಲಿ ಟಿಡಬ್ಲ್ಯೂಐ ಅಂತ ಇಂಗ್ಲಿಷಲ್ಲೋ ಅಥವಾ ಸಣ್ಣ ತ್ರಿಕೋನವೋ ಇರುತ್ತೆ. ಅದರ ನೇರಕ್ಕೆ ಗೆರೆಯೊಳಗೆ ಒಂದು ಪುಟ್ಟ ದಿಬ್ಬ ಕಾಣುತ್ತೆ. ಟೈರ್ ಸವೆದು ಆ ದಿಬ್ಬಕ್ಕೆ ಸಮ ಆಗಿದ್ರೆ ಅದರ ಕಥೆ ಮುಗೀತು. ಬದಿ ಅಲ್ಲ, ಮಧ್ಯಭಾಗ ನೋಡಿ. ಸಿಟಿಯಲ್ಲಿ ನೇರ ಓಡಿಸೋರಿಗೆ ಸವೆಯೋದು ಅಲ್ಲೇ. ಆಮೇಲೆ ಆ ನಾಲ್ಕು ಅಂಕಿ ಓದಿ. ಗಾಳಿ ಎಷ್ಟಿರಬೇಕು ಅಂತ ನಿಮ್ಮ ಗಾಡಿಯ ಮ್ಯಾನುಯಲ್ಲಲ್ಲಿದೆ, ಬಂಕಲ್ಲಿ ಅಷ್ಟೇ ಹಾಕಿಸಿ.

ಅಮ್ಮನಿಗೆ ನಿಜ ಹೇಳಿದೆ. ಬೈಗುಳ ಬಿತ್ತು, ಬೀಳಬೇಕಿತ್ತು. ಸೋಮವಾರ ತಂಗಿ ಮತ್ತೆ ಹಿಂದೆ ಹತ್ತಿದಳು. ಹತ್ತೋ ಮುಂಚೆ ಬಗ್ಗಿ ಟೈರ್ ನೋಡಿ, "ಅಣ್ಣ, ಗಾಳಿ ಹಾಕಿಸಿದ್ಯಾ?" ಅಂದಳು. ಹಾಕಿಸಿದ್ದೆ.

ಹುಷಾರಾಗಿ ಓಡಿಸಿ. ಮುಂದಿನ ವಾರ ಸಿಗೋಣ.