ಕೇಳುವ ಪ್ರಶ್ನೆ, ಪಣಕ್ಕಿಟ್ಟ ಊಹೆ

ಪಿಎಚ್‌ಡಿಗೆ ಸೇರಿದವರು ಬರೆದುಕೊಡುವ ಸಿನಾಪ್ಸಿಸ್‌ನಲ್ಲಿ ಸಾಮಾನ್ಯವಾಗಿ ಎರಡು ತಲೆಬರಹಗಳಿರುತ್ತವೆ: ಸಂಶೋಧನಾ ಪ್ರಶ್ನೆ ಮತ್ತು ಪ್ರಾಕ್ಕಲ್ಪನೆ, ಅಂದರೆ ಪರೀಕ್ಷೆಗೆ ಒಡ್ಡುವ ಊಹೆ. ಎಷ್ಟೋ ಸಲ ಮೊದಲನೆಯದರ ಪ್ರಶ್ನಾರ್ಥಕ ಚಿಹ್ನೆಯನ್ನು ತೆಗೆದರೆ ಎರಡನೆಯದು ಸಿದ್ಧವಾಯಿತು ಎಂದುಕೊಳ್ಳುತ್ತಾರೆ. ಇವೆರಡರ ನಡುವೆ ಎಷ್ಟು ಅಂತರವಿದೆ ಎಂಬುದನ್ನು ನಮ್ಮ ಮಲೆನಾಡಿನ ಒಂದು ಕಾಡಿನಿಂದಲೇ ನೋಡಬಹುದು.

1957ರ ಮಾರ್ಚ್ ತಿಂಗಳು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು, ಮುಸುವಗಳು ಸತ್ತು ಬೀಳುತ್ತಿದ್ದವು. ಸೌದೆಗೆ, ದರಗಿಗೆ ಎಂದು ಕಾಡು ಹೊಕ್ಕವರಿಗೆ ವಿಪರೀತ ಜ್ವರ, ತಲೆನೋವು, ಮೈಕೈ ನೋವು, ಕೆಲವರಿಗೆ ರಕ್ತಸ್ರಾವ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ತನಿಖೆಗೆ ಇಳಿದಾಗ ಅವರ ಮುಂದೆ ಇದ್ದದ್ದು ಒಂದು ಪ್ರಶ್ನೆ: ಮಂಗಗಳನ್ನೂ ಮನುಷ್ಯರನ್ನೂ ಹೀಗೆ ಕೆಡವುತ್ತಿರುವುದು ಏನು? ಇದಕ್ಕೆ ಯಾವ ಉತ್ತರ ಬಂದರೂ ಪ್ರಶ್ನೆ ಸೋಲುವುದಿಲ್ಲ. ಪ್ರಶ್ನೆಗೆ ಸರಿ ತಪ್ಪುಗಳಿಲ್ಲ. ಅದು ಹುಡುಕಬೇಕಾದ ದಿಕ್ಕನ್ನಷ್ಟೇ ತೋರಿಸುತ್ತದೆ.

ಮೊದಲು ಅನುಮಾನ ಬಂದದ್ದು ಹಳದಿ ಜ್ವರದ ಮೇಲೆ. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಆ ರೋಗ ಮಂಗಗಳನ್ನು ಕೊಲ್ಲುವುದು ತಿಳಿದಿತ್ತು. ಭಾರತದಲ್ಲಿ ಕಾಣಿಸಿಕೊಂಡಿರದ ರೋಗ ಕೊನೆಗೂ ಬಂತೇ ಎಂಬ ಭಯವೂ ಇತ್ತು. ‘ಇದು ಹಳದಿ ಜ್ವರ’ ಎಂದೊಡನೆ ನಾವು ಪ್ರಶ್ನೆಯನ್ನು ದಾಟಿ ಪ್ರಾಕ್ಕಲ್ಪನೆಗೆ ಬಂದೆವು. ಏಕೆಂದರೆ ಈ ಮಾತು ಸುಳ್ಳಾಗಬಲ್ಲದು. ಅದು ನಿಜವಾಗಿದ್ದರೆ ಸತ್ತ ಪ್ರಾಣಿಯಿಂದ ಬೇರ್ಪಡಿಸಿದ ವೈರಸ್ಸು ಹಳದಿ ಜ್ವರದ್ದೇ ಆಗಿರಬೇಕು. ಆಗಿರಲಿಲ್ಲ. ಸಿಕ್ಕ ವೈರಸ್ಸು ರಷ್ಯಾದ ಕಾಡುಗಳಲ್ಲಿ ಉಣುಗುಗಳಿಂದ ಹರಡುವ ಮೆದುಳು ಜ್ವರದ ವೈರಸ್ಸಿಗೆ ಹತ್ತಿರದ್ದಾಗಿತ್ತು. ಒಂದು ಊಹೆ ಬಿತ್ತು. ಹುಡುಕುವವರ ಕಣ್ಣು ಹಳದಿ ಜ್ವರ ಹರಡುವ ಸೊಳ್ಳೆಯಿಂದ ಉಣುಗಿನ ಕಡೆ ಹೊರಳಿತು. ನಾವಿಂದು ಮಂಗನ ಕಾಯಿಲೆ ಎನ್ನುವುದು ಕ್ಯಾಸನೂರಿನ ಈ ಜ್ವರವನ್ನೇ.

ರಷ್ಯಾದ ನಂಟು ಕಂಡದ್ದೇ ಇನ್ನೊಂದು ಪ್ರಾಕ್ಕಲ್ಪನೆ ಹುಟ್ಟಿತು: ಚಳಿಗಾಲಕ್ಕೆ ಉತ್ತರದಿಂದ ವಲಸೆ ಬರುವ ಹಕ್ಕಿಗಳೇ ಮೈಮೇಲಿನ ಉಣುಗುಗಳ ಜೊತೆ ರೋಗವನ್ನು ಇಲ್ಲಿಗೆ ತಂದಿರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ, ಪಕ್ಷಿತಜ್ಞ ಸಲೀಂ ಅಲಿಯವರ ಮುಂದಾಳತ್ವದಲ್ಲಿ, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1959ರಲ್ಲಿ ಹಕ್ಕಿಗಳನ್ನು ಹಿಡಿದು, ಉಣುಗು ಹುಡುಕಿ, ಕಾಲಿಗೆ ಉಂಗುರ ತೊಡಿಸಿ ಬಿಡುವ ದೊಡ್ಡ ಕೆಲಸಕ್ಕೆ ಕೈಹಾಕಿತು. ಹಕ್ಕಿಗಳು ರೋಗ ತಂದವು ಎನ್ನಲು ಪುರಾವೆ ಸಿಗಲಿಲ್ಲ. ಆದರೆ ಭಾರತಕ್ಕೆ ಬರುವ ಹಕ್ಕಿಗಳು ಎಲ್ಲಿಂದ ಹೊರಟು ಯಾವ ದಾರಿಯಲ್ಲಿ ಬರುತ್ತವೆ ಎಂಬ ತಿಳಿವಳಿಕೆ ಆ ಉಂಗುರಗಳಿಂದ ಬೆಳೆಯಿತು. ತನ್ನ ಪ್ರಾಕ್ಕಲ್ಪನೆ ಸುಳ್ಳಾಯಿತೆಂದು ಕಂಗೆಡುವ ವಿದ್ಯಾರ್ಥಿಗೆ ನಾನು ಹೇಳಲು ಬಯಸುವ ಕತೆ ಇದು.

ಹಿಂದೆ ಪ್ರಾಕ್ಕಲ್ಪನೆಗೆ ಇಷ್ಟು ಮರ್ಯಾದೆ ಇರಲಿಲ್ಲ. ನ್ಯೂಟನ್ 1713ರಲ್ಲಿ ಪ್ರಿನ್ಸಿಪಿಯಾದ ಎರಡನೆಯ ಆವೃತ್ತಿಗೆ ಸೇರಿಸಿದ ಟಿಪ್ಪಣಿಯಲ್ಲಿ, ಗುರುತ್ವದ ಕಾರಣದ ಬಗ್ಗೆ ತಾನು ಪ್ರಾಕ್ಕಲ್ಪನೆ ಕಟ್ಟುವುದಿಲ್ಲವೆಂದು ಖಂಡಿತವಾಗಿ ಬರೆದ. ಹಾಗೆಂದು ಅವನು ಊಹಿಸುವುದನ್ನು ಬಿಟ್ಟಿರಲಿಲ್ಲ. 1704ರ ‘ಆಪ್ಟಿಕ್ಸ್’ ಗ್ರಂಥದ ಕೊನೆಯಲ್ಲಿ ಬೆಳಕಿನ ಬಗ್ಗೆ ತನ್ನ ಅತ್ಯಂತ ಧೈರ್ಯದ ಊಹೆಗಳನ್ನು ಪ್ರಶ್ನೆಗಳ ರೂಪದಲ್ಲಿ ಇಟ್ಟ. ಮುಂದಿನ ಆವೃತ್ತಿಗಳಲ್ಲಿ ಆ ಪ್ರಶ್ನೆಗಳು 31ಕ್ಕೆ ಬೆಳೆದವು. ಪ್ರಯೋಗದಿಂದ ಸಿದ್ಧವಾಗದ್ದನ್ನು ಸಾರಿ ಹೇಳಲಾರದವನಿಗೆ ಪ್ರಶ್ನೆ ಒಂದು ಆಸರೆಯಾಗಿತ್ತು.

1935ರ ಹೊತ್ತಿಗೆ ಕಾಲ ಪೂರ್ತಿ ತಿರುಗಿತ್ತು. ಆ ವರ್ಷ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಪ್ರಯೋಗಗಳ ವಿನ್ಯಾಸದ ಬಗ್ಗೆ ಬರೆದ ಪುಸ್ತಕದಲ್ಲಿ ಒಬ್ಬ ಮಹಿಳೆ ಬರುತ್ತಾಳೆ. ಕಪ್ಪಿಗೆ ಮೊದಲು ಹಾಕಿದ್ದು ಹಾಲೋ ಚಹಾವೋ ಎಂಬುದನ್ನು ರುಚಿಯಿಂದಲೇ ಹೇಳಬಲ್ಲೆ ಎನ್ನುತ್ತಾಳೆ. ಎಂಟು ಕಪ್ಪು, ನಾಲ್ಕು ಹೀಗೆ, ನಾಲ್ಕು ಹಾಗೆ. ಫಿಶರ್ ಪಣಕ್ಕಿಟ್ಟ ಮಾತು ಅವಳ ಪರವಾದದ್ದಲ್ಲ, ‘ಅವಳಿಗೆ ವ್ಯತ್ಯಾಸ ತಿಳಿಯುವುದಿಲ್ಲ’ ಎಂಬುದು. ಇದೇ ಶೂನ್ಯ ಪ್ರಾಕ್ಕಲ್ಪನೆ. ಬರೀ ಅದೃಷ್ಟದಿಂದ ಎಂಟನ್ನೂ ಸರಿಯಾಗಿ ಹೇಳುವ ಸಾಧ್ಯತೆ 70ರಲ್ಲಿ 1. ಅವಳು ಎಲ್ಲವನ್ನೂ ಸರಿಯಾಗಿ ಹೇಳಿದರೆ ಶೂನ್ಯ ಪ್ರಾಕ್ಕಲ್ಪನೆಯನ್ನು ಕೈಬಿಡಲು ಕಾರಣ ಸಿಗುತ್ತದೆ. ತಪ್ಪಿದರೆ ಅದು ಸಿದ್ಧವಾಯಿತು ಎಂದಲ್ಲ, ಬೀಳಿಸಲಾಗಲಿಲ್ಲ ಎಂದಷ್ಟೇ. ನಮ್ಮ ಪ್ರಬಂಧಗಳಲ್ಲಿ ಅತಿ ಹೆಚ್ಚು ಎಡವುವ ಜಾಗ ಇದು.

ಫಿಶರ್ ಪದ್ಧತಿ ಕೃಷಿ ಸಂಶೋಧನೆ, ಮನಃಶಾಸ್ತ್ರ, ಶಿಕ್ಷಣಶಾಸ್ತ್ರಗಳಿಗೆಲ್ಲ ಹಬ್ಬಿತು. ಪ್ರಾಕ್ಕಲ್ಪನೆ ಇಲ್ಲದ್ದು ಸಂಶೋಧನೆಯೇ ಅಲ್ಲ ಎಂಬ ನಂಬಿಕೆಯೂ ಬೆಳೆಯಿತು. ಇದನ್ನು ನಾನು ಒಪ್ಪುವುದಿಲ್ಲ. ಮೈಸೂರಿನ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ 1948ರಲ್ಲಿ ರಾಮಪುರ ಎಂದು ತಾವು ಹೆಸರಿಟ್ಟು ಕರೆದ ಹಳ್ಳಿಯಲ್ಲಿ ಹೋಗಿ ನೆಲೆಸಿದರು. ಜನ ಹೇಗೆ ಬದುಕುತ್ತಾರೆ, ಯಾರ ಮಾತು ನಡೆಯುತ್ತದೆ, ಜಗಳ ಎಲ್ಲಿ ತೀರ್ಮಾನವಾಗುತ್ತದೆ ಎಂಬುದನ್ನು ನೋಡುತ್ತ, ಕೇಳುತ್ತ ಇದ್ದರು. ‘ಪ್ರಬಲ ಜಾತಿ’ ಎಂಬ, ಇಂದು ನಮ್ಮ ರಾಜಕೀಯ ಚರ್ಚೆಯಲ್ಲೂ ಬಳಕೆಯಾಗುವ ಪರಿಕಲ್ಪನೆ ಹುರಿಗೊಂಡದ್ದು ಆ ಹಳ್ಳಿಯ ಅನುಭವದಲ್ಲಿ. ಇಂಥ ಅಧ್ಯಯನದ ಮೇಲೆ ಮೊದಲ ದಿನವೇ ಪ್ರಾಕ್ಕಲ್ಪನೆಯನ್ನು ಹೇರಿದರೆ ಸಂಶೋಧಕ ತನಗೆ ಬೇಕಾದ್ದನ್ನಷ್ಟೇ ನೋಡಿಯಾನು.

ಆದರೆ ಪ್ರಾಕ್ಕಲ್ಪನೆ ಬೇಕಾದ ಕಡೆ ಅದು ಮಾಹಿತಿಗಿಂತ ಮುಂಚೆ ಇರಲೇಬೇಕು. ಫಲಿತಾಂಶ ನೋಡಿ, ಅದಕ್ಕೆ ಹೊಂದುವ ಊಹೆ ಬರೆದು, ಮೊದಲಿನಿಂದಲೂ ಇದನ್ನೇ ನಿರೀಕ್ಷಿಸಿದ್ದೆ ಎನ್ನುವ ಚಾಳಿಯನ್ನು 1998ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ನಾರ್ಬರ್ಟ್ ಕೆರ್ ವಿವರವಾಗಿ ಬಯಲಿಗೆಳೆದರು. ಔಷಧಿ ಪ್ರಯೋಗಗಳಲ್ಲಿ ಇಂಥದ್ದು ನಡೆದರೆ ರೋಗಿಗಳ ಜೀವಕ್ಕೇ ಕುತ್ತು. ಭಾರತದಲ್ಲಿ ಔಷಧಿ ಪ್ರಯೋಗಗಳಿಗೊಂದು ಸಾರ್ವಜನಿಕ ದಾಖಲೆ 2007ರಲ್ಲಿ ಶುರುವಾಯಿತು. 2009ರಿಂದ ಔಷಧ ನಿಯಂತ್ರಕರು ನೋಂದಣಿಯನ್ನು ಕಡ್ಡಾಯ ಮಾಡಿದರು. ಏನನ್ನು ಅಳೆಯುತ್ತೇವೆ, ಯಾವಾಗ ಅಳೆಯುತ್ತೇವೆ ಎಂಬುದನ್ನು ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುನ್ನವೇ ಅಲ್ಲಿ ಬರೆದಿಡಬೇಕು. ಆಮೇಲೆ ಬದಲಾಯಿಸಿದರೆ ಹಳೆಯದೂ ಹೊಸದೂ ಎರಡೂ ಓದುವವರಿಗೆ ಕಾಣುತ್ತವೆ.