ಕೊಕ್ಕೆ ಮತ್ತು ಸೂಜಿ



ಕಾರ್ಖಾನೆಯ ಪ್ರೆಸ್ಸಿಗೆ ಯಾರ ಮೇಲೂ ಹಗೆಯಿಲ್ಲ. ಆದರೂ ಕೈ ಅಡ್ಡ ಬಂದರೆ ಅದು ನಿಲ್ಲುವುದಿಲ್ಲ. ಅದಕ್ಕೇ ಗಾರ್ಡ್ ಹಾಕುತ್ತೇವೆ. ಹಗೆಯೇ ಇಲ್ಲದೆ ನಡೆದುಹೋಗುವ ಇಂಥ ಕೇಡಿನ ಬಗ್ಗೆ ಇವತ್ತು ಯೋಚಿಸೋಣ.

ದಕ್ಷಿಣ ಮಹಾಸಾಗರದಲ್ಲಿ ವಾಂಡರಿಂಗ್ ಆಲ್ಬಟ್ರಾಸ್ ಎಂಬ ಹಕ್ಕಿಯಿದೆ. ರೆಕ್ಕೆ ಬಿಚ್ಚಿದರೆ 3 ಮೀಟರಿಗೂ ಹೆಚ್ಚು ಅಗಲ. ಎರಡು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಮೀನುಗಾರರು ಸಾವಿರಾರು ಕೊಕ್ಕೆಗಳ ಉದ್ದನೆಯ ಹಗ್ಗ ಇಳಿಬಿಡುವಾಗ, ಇನ್ನೂ ಮುಳುಗದ ಎರೆಗೆ ಹಕ್ಕಿ ಬಾಯಿ ಹಾಕುತ್ತದೆ. ಕೊಕ್ಕೆ ಸಿಕ್ಕಿಕೊಂಡು, ಮುಳುಗುವ ಹಗ್ಗ ಹಕ್ಕಿಯನ್ನೂ ನೀರೊಳಗೆ ಎಳೆದುಕೊಂಡು ಹೋಗುತ್ತದೆ. ದಕ್ಷಿಣ ಜಾರ್ಜಿಯಾ ದ್ವೀಪದ ಸುತ್ತ 1990ರ ದಶಕದಲ್ಲಿ ಕಡಲಹಕ್ಕಿಗಳು ಹೀಗೆ ಸಾವಿರಾರು ಸತ್ತವು. ಆಮೇಲೆ ಹಗ್ಗಕ್ಕೆ ಭಾರ ಕಟ್ಟಿದರು, ರಾತ್ರಿ ಮಾತ್ರ ಇಳಿಸಿದರು, ಹಕ್ಕಿಗಳು ಮರಿ ಮಾಡುವ ಬೇಸಿಗೆಯಲ್ಲಿ ಮೀನುಗಾರಿಕೆ ನಿಲ್ಲಿಸಿದರು, ದೋಣಿಯ ಹಿಂದೆ ಬಣ್ಣದ ಪಟ್ಟಿಗಳ ಹಗ್ಗ ಹಾರಿಸಿ ಬೆದರಿಸಿದರು. ಆ ನೀರಿನಲ್ಲಿ ಸಾವು ಬಹುಮಟ್ಟಿಗೆ ನಿಂತೇಹೋಯಿತು.

ಆ ಸಮುದ್ರ ನಮಗೆ ಬಹಳ ದೂರ, ನಿಜ. ಆದರೆ ರಾಮದೇವರ ಬೆಟ್ಟ ನಮ್ಮ ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಹತ್ತಿರವೇ ಇದೆ. ಅಲ್ಲಿನ ಬಂಡೆಯ ಸಂದುಗಳಲ್ಲಿ ಗೂಡು ಕಟ್ಟುವ ಉದ್ದ ಕೊಕ್ಕಿನ ರಣಹದ್ದು ಕೂಡ ವರ್ಷಕ್ಕೆ ಒಂದೇ ಮೊಟ್ಟೆಯಿಡುತ್ತದೆ. ಒಂದು ಸತ್ತರೆ ಆ ಜಾಗ ತುಂಬಲು ವರ್ಷಗಳೇ ಬೇಕು. ಈ ರಣಹದ್ದುಗಳನ್ನು ಕೊಂದದ್ದು ಬೇಟೆಗಾರನಲ್ಲ. ಕುಂಟುವ ಹಸುವಿನ ನೋವು ನೋಡಲಾರದೆ ಕೊಡಿಸಿದ ಡೈಕ್ಲೋಫಿನಾಕ್ ಎಂಬ ನೋವುನಿವಾರಕ ಚುಚ್ಚುಮದ್ದು ಅವನ್ನು ಕೊಂದಿತು. ಆ ಹಸು ಸತ್ತಾಗ ಮಾಂಸದಲ್ಲಿ ಉಳಿದ ಮದ್ದು ತಿಂದ ಹದ್ದಿನ ಮೂತ್ರಪಿಂಡ ಕೆಡುತ್ತದೆ. ಕೆಲವೇ ದಿನಗಳಲ್ಲಿ ಪ್ರಾಣ ಹೋಗುತ್ತದೆ. ಕರುಣೆಯಿಂದ ಕೊಟ್ಟ ಮದ್ದು ಹೀಗಾಯಿತಲ್ಲ ಎಂದು ನನಗೆ ಇಂದಿಗೂ ಸಂಕಟವಾಗುತ್ತದೆ.

2006ರಲ್ಲಿ ದನಕರುಗಳಿಗೆ ಈ ಮದ್ದನ್ನು ನಿಷೇಧಿಸಿದರು. 2012ರಲ್ಲಿ ಬೆಟ್ಟದ ಸುತ್ತಲಿನ ಸುಮಾರು 346 ಹೆಕ್ಟೇರ್ ರಣಹದ್ದು ಧಾಮವಾಯಿತು. ಒಳ್ಳೆಯ ಕೆಲಸವೇ. ಆದರೆ ಹದ್ದಿಗೆ ಬೇಲಿ ಎಲ್ಲಿಯದು? ಮೇವು ಹುಡುಕಿ ಅದು ಹತ್ತಾರು ಮೈಲಿ ಹಾರುತ್ತದೆ, ನಮ್ಮ ಹಳ್ಳಿಗಳ ಮೇಲೆಯೇ.

ಹಾರೋಹಳ್ಳಿಯಲ್ಲಿ ದುಡಿಯುವ ಎಷ್ಟೋ ಜನರ ಮನೆಯಲ್ಲಿ ಹಸುವಿದೆ, ಡೈರಿಗೆ ಹಾಲು ಹೋಗುತ್ತದೆ. ಹಸು ಕುಂಟಿದರೆ ಮೆಡಿಕಲ್ ಶಾಪಿನಿಂದ ಮನುಷ್ಯರಿಗೆಂದು ಮಾರುವ ಡೈಕ್ಲೋಫಿನಾಕ್ ಚುಚ್ಚುಮದ್ದು ತರಬೇಡಿ. ಪಶುವೈದ್ಯರನ್ನು ಕರೆಸಿ, ಮೆಲಾಕ್ಸಿಕಾಮ್ ಎಂಬ ಮದ್ದು ಆಗುತ್ತದೆಯೇ ಎಂದು ಕೇಳಿ. ಅದು ಹಸುವಿನ ನೋವನ್ನೂ ಇಳಿಸುತ್ತದೆ, ಹದ್ದನ್ನೂ ಕೊಲ್ಲುವುದಿಲ್ಲ.